ಹೊಗೆ ಹೋಗುವ ದಾರಿ

ತಿರುವಾನ್ಮಿಯೂರಿನ ಈ ಮನೆ ನನಗೆ ಚೆನ್ನೈನಲ್ಲಿ ನಾಲ್ಕನೆಯ ಬಾಡಿಗೆ ಮನೆ. ಮನೆ ತೋರಿಸಲು ಬಂದ ಬ್ರೋಕರ್ ಅಡುಗೆಮನೆಯ ಬಾಗಿಲಲ್ಲಿ ನಿಂತು "ಚಿಮ್ನಿ ಇರುಕ್ಕು ಸಾರ್" ಎಂದು ಮೂರು ಸಲ ಹೇಳಿದ್ದ. ಒಲೆಯ ಮೇಲೆ ತಲೆಕೆಳಗಾದ ಕೊಳಗದಂತೆ ಒಂದು ಸ್ಟೀಲಿನ ಪೆಟ್ಟಿಗೆ ಇತ್ತು. ಗುಂಡಿ ಒತ್ತಿದರೆ ದೀಪ ಹತ್ತಿ ವಿಮಾನ ಹೊರಟಂತೆ ಸದ್ದು ಬರುತ್ತಿತ್ತು. ಇಷ್ಟು ಸದ್ದು ಮಾಡುವ ವಸ್ತು ಏನೋ ಕೆಲಸವನ್ನೂ ಮಾಡುತ್ತಿರಬೇಕು ಎಂದು ನಂಬಿ ಅಡ್ವಾನ್ಸ್ ಕೊಟ್ಟೆ.

ಒಂಟಿಯಾಗಿ ಇದ್ದಷ್ಟು ದಿನ ಅದರ ಯೋಗ್ಯತೆ ಗೊತ್ತಾಗಲಿಲ್ಲ. ನನ್ನ ಅಡುಗೆ ಎಂದರೆ ಅನ್ನ, ಮೊಸರು, ಹೋಟೆಲಿನ ಸಾಂಬಾರು. ಕಳೆದ ವರ್ಷ ಅಮ್ಮ ಬಂದು ಇರತೊಡಗಿದ ಮೇಲೆ ನಿಜ ಒಗ್ಗರಣೆ ಶುರುವಾಯಿತು. ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದ ಅರ್ಧ ನಿಮಿಷಕ್ಕೆ ಘಾಟು ಹಾಲ್ ದಾಟಿ ಮಲಗುವ ಕೋಣೆಗೆ ಬರುತ್ತಿತ್ತು. ಇನ್ನೂ ವಿಚಿತ್ರವೆಂದರೆ, ನಾವು ಒಲೆಯನ್ನೇ ಹಚ್ಚದ ಹೊತ್ತಿನಲ್ಲಿ, ಮಧ್ಯಾಹ್ನ ಒಂದು ಗಂಟೆ ಸುಮಾರಿಗೆ, ನಮ್ಮ ಚಿಮ್ನಿಯ ಬಾಯಿಂದ ಮೀನು ಹುರಿಯುವ ವಾಸನೆ ಇಳಿದು ಬರುತ್ತಿತ್ತು. ಅಮ್ಮ ಪೆಟ್ಟಿಗೆಯನ್ನು ದಿಟ್ಟಿಸಿ, "ಇದು ಹೊಗೆನ ಆಚೆ ಕಳಿಸೋದೋ, ಒಳಕ್ಕೆ ಕರೆಯೋದೋ?" ಎಂದಳು.

ನಕ್ಕು ಬಿಡಬಹುದಾಗಿದ್ದ ಮಾತು. ಆದರೆ ಘಾಟು ಬಂದಾಗಲೆಲ್ಲ ಅಮ್ಮನಿಗೆ ಕೆಮ್ಮು ಹತ್ತಿದರೆ ಹತ್ತು ನಿಮಿಷ ಬಿಡುತ್ತಿರಲಿಲ್ಲ, ತುಟಿ ನೀಲಿಯಾಗುತ್ತಿತ್ತು. ಶ್ವಾಸಕೋಶದ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಊದುವ ಪರೀಕ್ಷೆ ಮಾಡಿಸಿದರು, ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಾರಾ ಎಂದು ಕೇಳಿದರು. ಇಲ್ಲ ಎಂದೆ. ಅವರು ನನ್ನನ್ನು ಬಿಟ್ಟು ಅಮ್ಮನ ಕಡೆ ತಿರುಗಿ, "ವಿರಗು ಅಡುಪ್ಪಾ ಅಮ್ಮಾ?" ಎಂದರು. ಸೌದೆ ಒಲೆಯೇ ಎಂದು. ತಮಿಳು ಬಾರದ ಅಮ್ಮನಿಗೆ ಅದು ಹೇಗೋ ಅರ್ಥವಾಯಿತು. ಎರಡೂ ಕೈಯ ಬೆರಳು ಬಿಡಿಸಿ ಎರಡು ಸಲ ತೋರಿಸಿದಳು. ಇಪ್ಪತ್ತು ವರ್ಷ.

ಆ ದಿನದಿಂದ ನಾನು ಚಿಮಣಿಯ ಚರಿತ್ರೆ ಓದುವವನಾದೆ.

ಮೊದಲು ಪದದ ಮಾತು. ನಮ್ಮಲ್ಲಿ ಅನೇಕರಿಗೆ ಚಿಮಣಿ ಎಂದರೆ ಹೊಗೆ ಕೊಳವೆಯಲ್ಲ, ಸೀಮೆಎಣ್ಣೆ ದೀಪ. ಉತ್ತರ ಕರ್ನಾಟಕದಲ್ಲಿ ಸೀಮೆಎಣ್ಣೆಯೇ ಚಿಮಣಿ ಎಣ್ಣೆ. ಲಾಟೀನಿನ ಗಾಜಿನ ಬುರುಡೆಯನ್ನು ಇಂಗ್ಲಿಷರು ಚಿಮ್ನಿ ಎನ್ನುತ್ತಿದ್ದರು. ಆ ಹೆಸರು ಗಾಜಿನಿಂದ ದೀಪಕ್ಕೆ ದಾಟಿತು, ಗಾಜೇ ಇಲ್ಲದ ಬುಡ್ಡಿಗೂ ಅಂಟಿತು, ಕೊನೆಗೆ ಒಳಗಿನ ಎಣ್ಣೆಗೂ. ಹೊಗೆಯನ್ನು ಹೊರಗೆ ಸಾಗಿಸುವ ವಸ್ತುವಿನ ಹೆಸರು ನಮ್ಮ ಕಡೆಗೆ ಬಂದು ಹೊಗೆ ಕಾರುವ ವಸ್ತುವಿನ ಹೆಸರಾಯಿತು. ತಿರುವಾನ್ಮಿಯೂರಿನ ನನ್ನ ಪೆಟ್ಟಿಗೆಗೆ ಈ ಎರಡನೆಯ ಅರ್ಥವೇ ಸರಿ ಹೊಂದುತ್ತಿತ್ತು.

ಇನ್ನು ಕೊಳವೆಯ ಚರಿತ್ರೆ. ಇಲ್ಲಿ ನಮ್ಮಂಥವರಿಗೆಲ್ಲ ಹಿರಿಯಣ್ಣ ಎನ್ನಬಹುದಾದ ಒಬ್ಬ ಬಾಡಿಗೆದಾರ ಇದ್ದಾನೆ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. ಮಿಂಚಿಗೂ ಗಾಳಿಪಟಕ್ಕೂ ಸಂಬಂಧಿಸಿದವನೆಂದು ಶಾಲೆಯಲ್ಲಿ ಓದಿದ್ದೇವೆ. ಆತ 1757ರಿಂದ ಸುಮಾರು ಹದಿನಾರು ವರ್ಷ ಲಂಡನ್ನಿನ ಕ್ರೇವನ್ ಸ್ಟ್ರೀಟಿನಲ್ಲಿ ಮಾರ್ಗರೆಟ್ ಸ್ಟೀವನ್ಸನ್ ಎಂಬ ವಿಧವೆಯ ಮನೆಯಲ್ಲಿ ಬಾಡಿಗೆಗಿದ್ದ. ಆ ಬಾಡಿಗೆ ಕೋಣೆಯ ಅಗ್ಗಿಷ್ಟಿಕೆಯ ಬಾಯನ್ನು ಬೇಕಾದಷ್ಟೇ ತೆರೆಯುವಂತೆ ಜಾರುವ ಕಬ್ಬಿಣದ ತಗಡೊಂದನ್ನು ಹಾಕಿಕೊಂಡು, 1758ರಲ್ಲಿ ಬಾಸ್ಟನ್ನಿನ ಗೆಳೆಯನಿಗೆ ಅದರ ವಿವರ ಬರೆದ. ಮನೆಯೊಡತಿಯನ್ನು ಕೇಳಿ ಹಾಕಿದನೋ ಕೇಳದೆಯೋ, ಅಡ್ವಾನ್ಸಿನಲ್ಲಿ ಅದನ್ನು ಹಿಡಿದುಕೊಂಡರೋ ಇಲ್ಲವೋ ಎಂಬ ಕುತೂಹಲ ನನ್ನದು.

ಮುದುಕನಾದ ಮೇಲೆ, 1785ರಲ್ಲಿ, ಯುರೋಪಿನಿಂದ ತನ್ನ ದೇಶಕ್ಕೆ ಹಡಗಿನಲ್ಲಿ ಮರಳುತ್ತ ಫ್ರಾಂಕ್ಲಿನ್ ವಿಯೆನ್ನಾದ ರಾಜವೈದ್ಯ ಯಾನ್ ಇಂಗೆನ್‌ಹೌಸನಿಗೆ ಹೊಗೆಯಾಡುವ ಚಿಮಣಿಗಳ ಬಗ್ಗೆ ಉದ್ದನೆಯ ಕಾಗದ ಬರೆದ. ಚಿಮಣಿ ಹೊಗೆಯನ್ನು ಮೇಲಕ್ಕೆ ಎಳೆಯುತ್ತದೆ ಎಂದು ಜನ ತಿಳಿದಿದ್ದಾರೆ, ಅದು ತಪ್ಪು ಎಂಬುದು ಅವನ ಮೊದಲ ಮಾತು. ಕೊಳವೆಗೆ ಎಳೆಯುವ ಗುಣವಿಲ್ಲ. ಕಾದ ಗಾಳಿ ಹಗುರ, ಹೊರಗಿನ ತಣ್ಣನೆಯ ಗಾಳಿ ಭಾರ. ಭಾರದ ಗಾಳಿ ಒಳಗೆ ನುಗ್ಗಿ ಹಗುರವಾದುದನ್ನು ಮೇಲಕ್ಕೆ ತಳ್ಳುತ್ತದೆ. ಹಾಗಾಗಿ ಹೊಗೆ ಹೊರಗೆ ಹೋಗಬೇಕಾದರೆ ಮೊದಲು ಅಷ್ಟೇ ಗಾಳಿ ಒಳಗೆ ಬರಬೇಕು. ಆಮೇಲೆ ಚಿಮಣಿ ಕೆಡುವುದಕ್ಕೆ ಒಂಬತ್ತು ಕಾರಣಗಳನ್ನು ಕೊಡುತ್ತಾನೆ. ಮೊದಲನೆಯದು, ಬಾಗಿಲು ಕಿಟಕಿ ಬಿಗಿಯಾಗಿರುವ ಹೊಸ ಮನೆಗೆ ಗಾಳಿಯೇ ಬರದಿರುವುದು. ನಾಲ್ಕನೆಯದು, ಒಂದೇ ಮನೆಯ ಎರಡು ಬೆಂಕಿಗಳಲ್ಲಿ ಬಲವಾದದ್ದು ಬಡಪಾಯಿಯ ಗಾಳಿಯನ್ನು ಕಸಿಯುವುದು. ಎಂಟನೆಯದನ್ನು ಓದಿದಾಗ ನಾನು ಕುರ್ಚಿಯಿಂದ ಎದ್ದೆ: ಬೆಂಕಿ ಹಚ್ಚದ ಕೋಣೆಯ ಚಿಮಣಿಯ ಮೂಲಕ ಪಕ್ಕದ ಚಿಮಣಿಯ ಹೊಗೆ ಇಳಿದು ಬರುವುದು. ಮೀನಿನ ವಾಸನೆ! ಒಂಬತ್ತನೆಯದು ಜೋರು ಗಾಳಿ ಹೊಗೆಯನ್ನು ಕೆಳಗೆ ಒತ್ತುವುದು.

ಟಾರ್ಚ್ ಹಿಡಿದು ನಮ್ಮ ಕೊಳವೆಯ ಜಾಡು ಹಿಡಿದೆ. ಪೆಟ್ಟಿಗೆಯಿಂದ ಹೊರಟ ಆರು ಇಂಚಿನ ಅಲ್ಯೂಮಿನಿಯಂ ಪೈಪು ಅಟ್ಟದ ಮೇಲೆ ಮೂರು ಸಲ ಬಾಗಿ, ಗೋಡೆಯ ನಾಲ್ಕು ಇಂಚಿನ ತೂತಿಗೆ ಹಿಂಡಿ ತುರುಕಿಕೊಂಡಿತ್ತು. ವ್ಯಾಸ ಆರರಿಂದ ನಾಲ್ಕಕ್ಕೆ ಇಳಿದರೆ ದಾರಿ ಅರ್ಧಕ್ಕಿಂತ ಕಿರಿದಾಗುತ್ತದೆ: ಮೂವತ್ತಾರಕ್ಕೆ ಹದಿನಾರು. ಆ ತೂತು ಬಾಯ್ದೆರೆದದ್ದು ಹೊರಗಿನ ಆಕಾಶಕ್ಕಲ್ಲ, ಎಲ್ಲ ಮಹಡಿಗಳ ಅಡುಗೆಮನೆಗಳೂ ಬೆನ್ನು ಹಾಕಿ ನಿಂತ ಕಿರಿದಾದ ಶಾಫ್ಟಿಗೆ. ಕೆಳಗಿನವರ ಫ್ಯಾನು ಹೊಗೆಯನ್ನು ಅಲ್ಲಿಗೇ ದಬ್ಬುತ್ತದೆ. ಮಧ್ಯಾಹ್ನ ಚೆನ್ನೈಗೆ ಕಡಲಗಾಳಿ ಏರುವ ಹೊತ್ತಿಗೆ ಶಾಫ್ಟಿನ ಮೇಲ್ಬಾಯಿ ಮುಚ್ಚಿದಂತಾಗಿ ಎಲ್ಲರ ಹೊಗೆಯೂ ಕೆಳಗೆ ಒತ್ತಿ ನಮ್ಮ ತೂತನ್ನು ಹುಡುಕಿಕೊಳ್ಳುತ್ತದೆ. ಹಿಂದಕ್ಕೆ ಬಾರದಂತೆ ತಡೆಯುವ ತಗಡಿನ ಬಾಗಿಲು ಇರಬೇಕಾದಲ್ಲಿ ಇರಲಿಲ್ಲ. ಎಸಿ ಹಾಕಿದಾಗ ಕಿಟಕಿಗಳೂ ಬಂದ್. ಒಂಬತ್ತರಲ್ಲಿ ನಾಲ್ಕು ಕಾರಣ ಒಂದೇ ಮನೆಯಲ್ಲಿ. ಫ್ರಾಂಕ್ಲಿನ್ ಬದುಕಿದ್ದರೆ ಬಂದು ನೋಡಿಕೊಂಡು ಹೋಗುತ್ತಿದ್ದ.

ಯುರೋಪಿನ ಕಥೆಯನ್ನು ಬೇಗ ಮುಗಿಸುತ್ತೇನೆ, ಅದು ಚಳಿಯ ದೇಶದ ಕಥೆ. 1796ರಲ್ಲಿ ಕೌಂಟ್ ರಮ್‌ಫರ್ಡ್ ಅಗ್ಗಿಷ್ಟಿಕೆಯ ಗಂಟಲನ್ನು ನಾಲ್ಕು ಇಂಚಿಗೆ ಕಿರಿದು ಮಾಡಿ ಲಂಡನ್ನಿನ ಶ್ರೀಮಂತರ ಬೈಠಕ್ಕುಗಳನ್ನು ಹೊಗೆಯಿಂದ ಬಿಡಿಸಿದ. (ನನ್ನ ಮನೆಯ ನಾಲ್ಕು ಇಂಚಿಗೂ ಅದಕ್ಕೂ ಸಂಬಂಧವಿಲ್ಲ. ಅವನದು ಉದ್ದನೆಯ ಬಾಯಿಯ ಅಗಲ, ನಮ್ಮದು ದುಂಡು ತೂತು.) ಅದೇ ಕೊಳವೆಗಳ ಮಸಿ ಕೆರೆಯಲು ಪುಟ್ಟ ಹುಡುಗರನ್ನು ಒಳಗೆ ಹತ್ತಿಸುತ್ತಿದ್ದರು. ಆ ಮಸಿಯಿಂದಲೇ ಅವರಿಗೆ ಮುಂದೆ ಕ್ಯಾನ್ಸರ್ ಬರುತ್ತದೆಂದು ಪರ್ಸಿವಲ್ ಪಾಟ್ ಎಂಬ ಸರ್ಜನ್ 1775ರಲ್ಲೇ ಬರೆದ. ಆ ಕೆಲಸ ನಿಜವಾಗಿ ನಿಂತದ್ದು 1875ರ ಕಾನೂನಿನಿಂದ. ನೂರು ವರ್ಷ.

ನಮ್ಮಲ್ಲಿ ಚಿಮಣಿ ಇರಲಿಲ್ಲ ಎನ್ನುವುದಕ್ಕಿಂತ, ಹೊಗೆಗೆ ಬೇರೆ ಲೆಕ್ಕ ಇತ್ತು ಎನ್ನಬೇಕು. ಒಲೆಯ ಮೇಲಿನ ಅಟ್ಟದಲ್ಲಿ ಬಿತ್ತನೆಯ ಬೀಜ, ಬೆಲ್ಲ, ಮಲೆನಾಡಾದರೆ ಅಡಿಕೆ. ಹೊಗೆ ತಾಗಿದ ತೊಲೆಗೆ ಗೆದ್ದಲು ಹತ್ತದು, ಹುಲ್ಲಿನ ಸೂರಿಗೆ ಹುಳ ಬೀಳದು. ಹೆಂಚು ಬಂದ ಮೇಲೆ ಸಂದುಗಳಿಂದ ಹೊಗೆ ತಾನಾಗಿ ಜಿನುಗುತ್ತಿತ್ತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಹೆಂಚಿನ ಕಾರ್ಖಾನೆಯ ನಂತರ ಬೆಳಕಿನ ಗಾಜುಹೆಂಚು, ಗಾಳಿಯಾಡುವ ಹೆಂಚು ಎಲ್ಲ ಬಂದವು. ಇತ್ತ ಮದರಾಸಿನಲ್ಲಿ ಬಂಗಲೆಯ ಇಂಗ್ಲಿಷರು ಉಪಾಯ ಕಂಡುಕೊಂಡಿದ್ದರು: ಅಡುಗೆಕೋಣೆಯನ್ನೇ ಮನೆಯಿಂದ ದೂರ, ಹಿತ್ತಿಲಿಗೆ ಕಳಿಸಿದರು. ಹೊಗೆ ದೊರೆಗೆ ತಾಗಲಿಲ್ಲ, ಬಟ್ಲರನಿಗೆ ತಾಗಿತು. ಊರಿನ ಒಲೆಗಳಿಗೆಲ್ಲ ಸೌದೆ ಬರುತ್ತಿದ್ದದ್ದು ಕಡಲ ದಂಡೆಯ ಗಾಳಿಮರದ ತೋಪುಗಳಿಂದ, ಬಕಿಂಗ್‌ಹ್ಯಾಂ ಕಾಲುವೆಯ ದೋಣಿಗಳಲ್ಲಿ. ಈಗ ಅದೇ ಕಾಲುವೆ ನಮ್ಮ ಮನೆಗೆ ಸ್ವಲ್ಪ ದೂರದಲ್ಲಿ, ಮೂಗು ಮುಚ್ಚಿಕೊಂಡು ದಾಟುವ ಕಪ್ಪು ನೀರು.

ಅಡುಗೆಮನೆಯ ಹೊಗೆಯನ್ನು ಇಂಜಿನಿಯರುಗಳು ತಲೆಗೆ ಹಾಕಿಕೊಂಡದ್ದು ಸ್ವಾತಂತ್ರ್ಯದ ಆಸುಪಾಸಿನಲ್ಲಿ. ವಾರ್ಧಾದ ಮಗನ್‌ವಾಡಿಯಲ್ಲಿ ಗಾಂಧಿಯವರ ಗ್ರಾಮೋದ್ಯೋಗದ ಮಂದಿ 1940ರ ದಶಕದಲ್ಲಿ ಮಗನ್ ಚೂಲಾ ಮಾಡಿದರು. ಹೈದರಾಬಾದಿನ ಇಂಜಿನಿಯರಿಂಗ್ ಸಂಶೋಧನಾಲಯದ ಎಸ್. ಪಿ. ರಾಜು ಮಣ್ಣಿನಲ್ಲೇ ಹಲವು ಬಾಯಿಯ ಒಲೆ ಕಟ್ಟಿ ಕೊನೆಗೆ ಹೊಗೆ ಕೊಳವೆ ನಿಲ್ಲಿಸಿದರು. ಅದರ ಬಗ್ಗೆ ಅವರು ಬರೆದ 'ಸ್ಮೋಕ್‌ಲೆಸ್ ಕಿಚನ್ಸ್ ಫಾರ್ ದ ಮಿಲಿಯನ್ಸ್' 1953ರಲ್ಲಿ ಅಚ್ಚಾದದ್ದು ಇದೇ ಮದರಾಸಿನಲ್ಲಿ, ಕ್ರಿಶ್ಚಿಯನ್ ಲಿಟರೇಚರ್ ಸೊಸೈಟಿಯಿಂದ. ಹೊಗೆ, ಮಸಿ, ಧಗೆ, ಸೌದೆ ದಂಡ, ಬೆಂಕಿ ಅನಾಹುತ, ಈ ಐದರಿಂದ ಬಿಡುಗಡೆ ಎಂಬುದು ರಾಜು ಅವರ ಲೆಕ್ಕ. ದೇಶಕ್ಕೆ ಸ್ವಾತಂತ್ರ್ಯ ಬಂದು ಆರು ವರ್ಷಕ್ಕೆ ಒಬ್ಬ ಇಂಜಿನಿಯರ್ ಅಡುಗೆಮನೆಗೆ ಬೇರೆ ಸ್ವಾತಂತ್ರ್ಯದ ಪಟ್ಟಿ ಬರೆದದ್ದು ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ. ಪುಸ್ತಕದ ಹೆಸರಿನಲ್ಲಿದ್ದ ಕೋಟ್ಯಂತರ ಮನೆಗಳನ್ನು ಅದು ತಲುಪಲಿಲ್ಲ.

ಆ ಹೊಗೆ ಕಣ್ಣುರಿಯಷ್ಟೇ ಅಲ್ಲ, ಎದೆಗೂ ಇಳಿಯುತ್ತದೆ ಎಂದು ಗುರುತಿಸಿದವರಲ್ಲಿ ಮೊದಲಿಗರು ಡಾ. ಎಸ್. ಪದ್ಮಾವತಿ. ಬರ್ಮಾದಲ್ಲಿ ಹುಟ್ಟಿ ಬೆಳೆದು ದೆಹಲಿಗೆ ಬಂದ ಹೃದಯತಜ್ಞೆ. ಶ್ವಾಸಕೋಶ ಕೆಟ್ಟು ಹೃದಯದ ಬಲಭಾಗ ದಣಿಯುವ ಕಾಯಿಲೆಯ 127 ರೋಗಿಗಳ ಅಧ್ಯಯನವನ್ನು ಅವರು ಪಾಠಕ್ ಎಂಬ ಸಹೋದ್ಯೋಗಿಯೊಂದಿಗೆ 1959ರಲ್ಲಿ ಪ್ರಕಟಿಸಿದರು. ಬೀಡಿ ಸಿಗರೇಟು ಮುಟ್ಟದ ಹೆಂಗಸರಿಗೂ ಆ ಕಾಯಿಲೆ ಏಕೆ ಎಂಬ ಪ್ರಶ್ನೆಗೆ ಅವರ ಬೆರಳು ಬೆರಣಿ ಸೌದೆಯ ಒಲೆಯ ಕಡೆ ತೋರಿತು. ಅಂದರೆ ನನ್ನ ಅಮ್ಮ ಮದುವೆಯಾಗಿ ಒಲೆಯ ಮುಂದೆ ಕೂರುವುದಕ್ಕೆ ಇಪ್ಪತ್ತು ವರ್ಷ ಮೊದಲೇ ಉತ್ತರ ಅಚ್ಚಾಗಿತ್ತು. ನಮ್ಮೂರಿಗೆ ಬಂದಿರಲಿಲ್ಲ, ಅಷ್ಟೇ.

ನಮ್ಮೂರು ಕುಣಿಗಲ್ ತಾಲ್ಲೂಕು. ಚರಿತ್ರೆ ನಮ್ಮ ಮನೆ ಬಾಗಿಲಿಗೇ ಬಂದು ಹೋದ ಕಥೆಯೂ ಇದೆ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಪ್ರೊ. ಎ. ಕೆ. ಎನ್. ರೆಡ್ಡಿ 1974ರಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಕಟ್ಟಿದರು. ಅದರ ಹಳ್ಳಿಯ ಶಾಖೆ ನಮ್ಮ ತಾಲ್ಲೂಕಿನ ಉಂಗ್ರದಲ್ಲಿ. ಹಳ್ಳಿಯೊಂದು ಯಾವ ಯಾವ ಶಕ್ತಿ ಎಷ್ಟೆಷ್ಟು ಬಳಸುತ್ತದೆ ಎಂದು ಮನೆಮನೆ ಸುತ್ತಿ ಲೆಕ್ಕ ಹಾಕಿದರು. ಪುರ ಎಂಬ ಪುಟ್ಟ ಊರಿನಲ್ಲಿ ಒಟ್ಟು ಶಕ್ತಿಯ ಸುಮಾರು ಶೇ. 89 ಸೌದೆಯಿಂದ ಬರುತ್ತಿತ್ತು, ಕರೆಂಟಿನ ಪಾಲು ಲೆಕ್ಕಕ್ಕೆ ಸಿಗದಷ್ಟು. ಹಾಗಾದರೆ ಹಳ್ಳಿಯ ಇಂಧನದ ಪ್ರಶ್ನೆ ಎಂದರೆ ಒಲೆಯ ಪ್ರಶ್ನೆ ಎಂದು ತಿಳಿದು, 1980ರ ದಶಕದ ಆರಂಭದಲ್ಲಿ ಲೋಕ್ರಸ್, ಜಗದೀಶ್ ಮೊದಲಾದವರು ಮೂರು ಪಾತ್ರೆಯ ಅಸ್ತ್ರ ಒಲೆ ರೂಪಿಸಿದರು. ಕೆಳಗೆ ಜಾಲರಿ, ಬೆಂಕಿಗೆ ಬೇಕಷ್ಟೇ ಗಾಳಿ, ಒಂದರ ಹಿಂದೆ ಒಂದು ಪಾತ್ರೆಗೆ ತಾಗಿ ಸಾಗುವ ಬಿಸಿ ಹೊಗೆ, ಕೊನೆಗೆ ಸೂರಿನಾಚೆ ಹೋಗುವ ಕೊಳವೆ. ಪ್ರಯೋಗಾಲಯದಲ್ಲಿ ಸೌದೆಯ ಶಾಖದಲ್ಲಿ ಶೇ. 40ಕ್ಕೂ ಹೆಚ್ಚು ಪಾತ್ರೆಗೆ ತಲುಪುತ್ತಿತ್ತು. ಸಾದಾ ಒಲೆಯಲ್ಲಿ ಇದರ ಕಾಲುಭಾಗ ಸಿಕ್ಕರೆ ಹೆಚ್ಚು. ಫ್ರಾಂಕ್ಲಿನ್ ಓದಿದವರು ಮಾಡಿದ ಒಲೆ ಎಂದು ನನಗೀಗ ಅನಿಸುತ್ತದೆ.

ನಮ್ಮ ಮನೆಗೂ ಒಂದು ಬಂತು. ಕಟ್ಟುವವರು ಬಂದ ದಿನ ಅಜ್ಜಿ ಕೇಳಿದ್ದು, "ಅಸ್ತ್ರ ಅಂತೀರಲ್ಲ, ಯಾರ ಮೇಲೆ ಬಿಡಕ್ಕೆ?" ಎಂದು. ಮೊದಲ ಕೆಲವು ತಿಂಗಳು ಅಡುಗೆಮನೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿತ್ತು ಎಂದು ಅಮ್ಮ ಈಗಲೂ ಹೇಳುತ್ತಾಳೆ. ಆಮೇಲೆ ತಕರಾರು ಶುರು. ಬಾಯಿ ಚಿಕ್ಕದು, ಸೌದೆಯನ್ನು ಸಣ್ಣಗೆ ಸೀಳಬೇಕು, ಸೀಳುವವರು ಯಾರು? ತೂತಿನ ಅಳತೆಗೆ ಮುದ್ದೆಯ ತಪ್ಪಲೆ ಕೂರುವುದಿಲ್ಲ. ಅಟ್ಟದ ಅವರೆಬೀಜಕ್ಕೆ ಹುಳ ಬಿತ್ತು. ವರ್ಷ ಕಳೆಯುವ ಹೊತ್ತಿಗೆ ಕೊಳವೆಯೊಳಗೆ ಮಸಿ ಕಟ್ಟಿ ಹೊಗೆ ವಾಪಸ್ ಬರತೊಡಗಿತು. ಕೊಳವೆ ಕೆರೆಯಬೇಕೆಂದು ಯಾರೋ ಹೇಳಿದ್ದರು, ಹೇಗೆಂದು ಗೊತ್ತಿದ್ದವರು ಹೋಗಿಬಿಟ್ಟಿದ್ದರು. ಒಂದು ಯುಗಾದಿಗೆ ಮನೆ ಸಾರಿಸುವಾಗ ಅಜ್ಜಿ ಅದನ್ನು ಒಡೆಸಿ ಹಳೆಯ ಒಲೆ ಹಾಕಿಸಿದಳು. ಅಜ್ಜಿಯ ಮೇಲೆ ನನಗೆ ಬಹಳ ದಿನ ಸಿಟ್ಟಿತ್ತು. ಈಗ ನನ್ನದೇ ಮನೆಯ ಚಿಮ್ನಿಯ ಜಾಲರಿಯನ್ನು ಒಂದೂವರೆ ವರ್ಷ ತೊಳೆಯದೆ ಬಿಟ್ಟವನು ಯಾವ ಬಾಯಿಂದ ಮಾತಾಡಲಿ?

ಇದು ನಮ್ಮೊಂದೇ ಮನೆಯ ಕಥೆಯಲ್ಲ. ಕೇಂದ್ರ ಸರ್ಕಾರದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 1983ರಲ್ಲಿ ಹೊರಟು 2002ರಲ್ಲಿ ನಿಲ್ಲುವ ಹೊತ್ತಿಗೆ ಸುಮಾರು 3.5 ಕೋಟಿ ಒಲೆ ಹಂಚಿತ್ತು. ಎಷ್ಟು ಕಟ್ಟಿದರು ಎಂಬ ಗುರಿ ಇತ್ತು, ಎಷ್ಟು ಉರಿಯುತ್ತಿವೆ ಎಂಬ ಗುರಿ ಇರಲಿಲ್ಲ. ಆಮೇಲೆ ಒಡಿಶಾದ ಹಳ್ಳಿಗಳಲ್ಲಿ ಕೊಳವೆ ಒಲೆ ಹಾಕಿಸಿಕೊಂಡ ಮನೆಗಳನ್ನು ರೀಮಾ ಹನ್ನಾ, ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್ ನಾಲ್ಕು ವರ್ಷದವರೆಗೆ ಹಿಂಬಾಲಿಸಿದರು. 2012ರಲ್ಲಿ ಹೊರಬಂದ ಅವರ ವರದಿಯ ಪ್ರಕಾರ ಮೊದಲ ವರ್ಷ ಒಳಗೆ ಹೋಗುವ ಹೊಗೆ ಇಳಿಯಿತು. ಆಮೇಲೆ ಒಲೆ ಕೆಟ್ಟಿತು, ರಿಪೇರಿಯಾಗಲಿಲ್ಲ, ಬಳಕೆ ಕಡಿಮೆಯಾಯಿತು, ಲಾಭ ಕರಗಿಹೋಯಿತು. ಓದಿದಾಗ ಅಜ್ಜಿಯನ್ನು ಇಂಗ್ಲಿಷಿನಲ್ಲಿ ಕಂಡಂತಾಯಿತು. ಇದಕ್ಕೆ ವಿರುದ್ಧದ ಉದಾಹರಣೆ ಹರಿಯಾಣದ ನಾಡಾ ಗ್ರಾಮ. ಅಲ್ಲಿ ವಾಸ್ತುಶಿಲ್ಪಿ ಮಧು ಸರೀನ್ ಒಲೆ ಕಟ್ಟುವ ವಿದ್ಯೆಯನ್ನು ಹೆಂಗಸರಿಗೇ ಕಲಿಸಿದರು. ಕಟ್ಟಿದವಳು ಊರಲ್ಲೇ ಇದ್ದರೆ ಕೆಟ್ಟಾಗ ಕರೆಯಬಹುದು.

ಚೆನ್ನೈ ಈ ಚರಿತ್ರೆಗೆ ಮತ್ತೆ ಬರುವುದು ಪೋರೂರಿನ ಶ್ರೀ ರಾಮಚಂದ್ರ ಕಾಲೇಜಿನ ಮೂಲಕ. ಡಾ. ಕಲ್ಪನಾ ಬಾಲಕೃಷ್ಣನ್ ಮತ್ತವರ ತಂಡ ತಮಿಳುನಾಡಿನ ಹಳ್ಳಿ ಅಡುಗೆಮನೆಗಳಲ್ಲಿ ಹೊಗೆಯ ಕಣಗಳನ್ನು ಅಳೆದು 2002ರಲ್ಲಿ ಪ್ರಕಟಿಸಿದರು. ಮುಂದೆ ನಾಲ್ಕು ದೇಶಗಳ 3200 ಗರ್ಭಿಣಿಯರ ಒಂದು ದೊಡ್ಡ ಪ್ರಯೋಗದಲ್ಲಿ ವಿಳುಪ್ಪುರಂ, ನಾಗಪಟ್ಟಿಣಂ ಕಡೆಯ ಮನೆಗಳಿಗೆ ಗ್ಯಾಸು ಕೊಟ್ಟು ನೋಡಿದರು. ತಾಯಂದಿರ ಹೊಗೆ ಇಳಿಯಿತು, ಆದರೆ ಹುಟ್ಟಿದ ಮಕ್ಕಳ ತೂಕದಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದು 2022ರಲ್ಲಿ ನೇರವಾಗಿ ಬರೆದರು. ಅಮ್ಮನ ಡಾಕ್ಟರ ಬಾಯಿಂದ ಸಿಗರೇಟಿನ ಬೆನ್ನಿಗೇ ಸೌದೆ ಒಲೆಯ ಪ್ರಶ್ನೆ ಬರಬೇಕಾದರೆ ಇಷ್ಟೆಲ್ಲ ಜನ ಇಷ್ಟು ಅಡುಗೆಮನೆಗಳಲ್ಲಿ ಕೂರಬೇಕಾಯಿತು.

ಇಷ್ಟು ಓದಿಕೊಂಡು ಓನರಿಗೆ ಫೋನ್ ಮಾಡಿದೆ. "ಅದು ಅಪ್ಪಡಿದಾನ್ ಸಾರ್, ಎಲ್ಲಾ ಫ್ಲಾಟ್‌ಲೆಯುಂ" ಎಂದರು. ಎಲ್ಲರ ಮನೆಯಲ್ಲೂ ಹಾಗೇ ಅಂತೆ. ಚಿಮ್ನಿ ಕೆಟ್ಟರೆ ಬಾಡಿಗೆಯವರೇ ಮಾಡಿಸಿಕೊಳ್ಳಬೇಕು ಎಂದೂ ಸೇರಿಸಿದರು. ಕಾನೂನು ತೆಗೆದು ನೋಡಿದರೆ ಅವರ ಮಾತು ಅರ್ಧ ನಿಜ. ಮದರಾಸಿನ 1946ರ, ಆಮೇಲೆ 1960ರ ಬಾಡಿಗೆ ನಿಯಂತ್ರಣ ಕಾನೂನುಗಳ ಜಾಗಕ್ಕೆ ಬಂದ 2017ರ ಕಾಯ್ದೆ 2019ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಅದರ ಎರಡನೇ ಅನುಸೂಚಿಯಲ್ಲಿ ಯಾವ ರಿಪೇರಿ ಯಾರದು ಎಂಬ ಪಟ್ಟಿ ಇದೆ. ಅಡುಗೆಮನೆಯ ಸಾಮಾನಿನ ರಿಪೇರಿ, ನಲ್ಲಿಯ ವಾಷರು, ಸ್ವಿಚ್ಚು ಬಾಡಿಗೆದಾರನ ಪಾಲು. ಕಟ್ಟಡಕ್ಕೆ ಸಂಬಂಧಿಸಿದ್ದು ಮಾಲೀಕರ ಪಾಲು. ಹಾಗಾದರೆ ಪೆಟ್ಟಿಗೆ ನನ್ನದು, ಗೋಡೆಯ ತೂತು ಅವರದು. ಎರಡರ ನಡುವೆ ಮೂರು ಸಲ ಬಾಗಿದ ಪೈಪು ಯಾರದು ಎಂದು ಯಾವ ಅನುಸೂಚಿಯೂ ಹೇಳುವುದಿಲ್ಲ.

ಜಗಳವಾಡುವ ಹುಮ್ಮಸ್ಸಿತ್ತು, ಆದರೆ ಅಮ್ಮ ತಡೆದಳು. ಓನರು ಅಮ್ಮನನ್ನು ನೋಡಲು ಒಂದು ಭಾನುವಾರ ಬಂದರು, ಬಂದ ಹೊತ್ತು ಮಧ್ಯಾಹ್ನ ಒಂದು ಗಂಟೆ. ಕೆಳಗಿನವರ ಒಲೆಯ ಮೇಲೆ ಮೀನು ಇತ್ತು. ನಾನು ಊದುಬತ್ತಿ ಹಚ್ಚಿ ಚಿಮ್ನಿಯ ಬಾಯಿಗೆ ಹಿಡಿದೆ. ಹೊಗೆ ಮೇಲೆ ಹೋಗದೆ ಮುರಿದುಕೊಂಡು ಓನರ ಮುಖದ ಕಡೆಗೆ ಬಂತು. ಅವರು ಕೆಮ್ಮಿದರು, ಅಮ್ಮನೂ ಕೆಮ್ಮಿದಳು. ಅವರದು ಎರಡು ಸಲಕ್ಕೆ ನಿಂತಿತು. ಅಮ್ಮನದು ನಿಲ್ಲಲಿಲ್ಲ. ಅವರು ನೀರು ತಂದುಕೊಟ್ಟು, ಸ್ವಲ್ಪ ಹೊತ್ತು ಸುಮ್ಮನೆ ಕೂತು, ಮೇಸ್ತ್ರಿಯ ನಂಬರ್ ಕೊಟ್ಟು ಹೋದರು.

ಮುಂದಿನ ವಾರ ಬಟ್ಟೆ ಒಗೆಯುವ ಬಾಲ್ಕನಿಯ ಕಡೆಯ ಗೋಡೆಯಲ್ಲಿ ಆರು ಇಂಚಿನ ಹೊಸ ತೂತು ಕೊರೆಸಿದೆವು. ಕೊರೆಸಿದ ಕೂಲಿ ಅವರದು, ಪೈಪೂ ತಗಡಿನ ಬಾಗಿಲೂ ನನ್ನದು. ಬಾಗುವುದು ಒಂದೇ ಕಡೆ. ಶಾಫ್ಟಿನ ಹಳೆಯ ತೂತಿಗೆ ಸಿಮೆಂಟು ತುಂಬಿಸಿದೆವು. ಮೇಸ್ತ್ರಿ ಹೋದ ಮೇಲೆ ಅಮ್ಮ ತಾನೇ ಊದುಬತ್ತಿ ಹಚ್ಚಿಕೊಂಡು ಬಂದು ನೋಡಿದಳು. ಒಳಬಾಗಿಲು ಮುಚ್ಚಿದಾಗ ಹೊಗೆ ತಡವರಿಸುತ್ತಿತ್ತು, ಹಾಲಿನ ಕಿಟಕಿ ತೆರೆದ ಕೂಡಲೇ ನೇರ ಮೇಲೆ ಹೋಯಿತು. ಈಗ ಒಗ್ಗರಣೆಗೆ ಮುಂಚೆ ಅವಳು ಎಸಿ ನಿಲ್ಲಿಸಿ ಕಿಟಕಿ ತೆಗೆಯುತ್ತಾಳೆ. ಒಣಮೆಣಸಿನಕಾಯಿ ಹಾಕುವ ಗಳಿಗೆಯಲ್ಲಿ ಮಾತ್ರ ನನ್ನನ್ನು ಕರೆದು ಸೌಟು ಕೊಟ್ಟು ಹಾಲಿಗೆ ಹೋಗಿ ಕೂರುತ್ತಾಳೆ. ತಿಂಗಳ ಮೊದಲ ಭಾನುವಾರ ಜಾಲರಿ ತೊಳೆಯುವುದು ನನ್ನ ಕೆಲಸ. ಬಿಸಿನೀರು, ಸೋಡಾಪುಡಿ, ಹಳೆಯ ಬ್ರಷ್ಷು. ಕಳೆದ ತಿಂಗಳು ಮರೆತಿದ್ದೆ.